ತುದಿ ಕತ್ತರಿಸಿದ ಕವಳಿ ಬೇಲಿ

ಬಂಗೂರನಗರದ ಹತ್ತಿರ ಈ ಮನೆ ಕಟ್ಟಿಸಿದ ವರ್ಷ ನನ್ನ ಹೆಂಡತಿ ಕುಂಬಾರವಾಡದ ತವರಿನಿಂದ ಕವಳಿ ಹಣ್ಣಿನ ಮುಳ್ಳುಗಿಡದ ಬೀಜ ತಂದು ಕಂಪೌಂಡಿನ ಸುತ್ತ ಹಾಕಿದಳು. ನಾನು ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿದವನು. ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು. ನಿವೃತ್ತನಾದ ಮೇಲೂ ಆ ರೂಢಿ ಹೋಗಲಿಲ್ಲ. ಬೇಲಿಗೂ ದಿನ ಗೊತ್ತು ಮಾಡಿದ್ದೆ. ದೀಪಾವಳಿಗೊಮ್ಮೆ, ಸಂಕ್ರಾಂತಿ ಮುಗಿದ ಮೇಲೊಮ್ಮೆ. ಎರಡು ಗೂಟಗಳಿಗೆ ದಾರ ಎಳೆದು ಕಟ್ಟಿ, ಎದೆಮಟ್ಟಕ್ಕೆ ಸಮನಾಗಿ ಕತ್ತರಿಸುತ್ತಿದ್ದೆ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟುತ್ತಿತ್ತು. ಬೇಲಿಯ ನೇರ ನೋಡಿ ಬೀದಿಯವರು ಹೊಗಳುತ್ತಿದ್ದರು. ಆದರೆ ಅದು ಒಂದು ವರ್ಷವೂ ಕಾಯಿ ಬಿಡಲಿಲ್ಲ.

"ನಿನ್ನ ತವರಿನ ಗಿಡ ಗೊಡ್ಡು ನೋಡು" ಎಂದು ಹಂಗಿಸುತ್ತಿದ್ದೆ.

"ಹೌದ್ರೀ, ಗೊಡ್ಡs" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಈ ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ ಮಾಡಲೇಬೇಕು, ಆದರೆ ಈ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ, ಮೊದಲು ಮೂರು ಕಿಲೋ ಏರಲಿ ಎಂದರು ಹುಬ್ಬಳ್ಳಿಯ ಡಾಕ್ಟರು. ನಾನು ಕ್ಯಾಲೆಂಡರಿನ ಹಿಂದೆ ವೇಳಾಪಟ್ಟಿ ಬರೆದೆ. ಎಂಟಕ್ಕೆ ಗಂಜಿ, ಹತ್ತಕ್ಕೆ ಹಾಲು, ಹನ್ನೆರಡೂವರೆಗೆ ಮೆತ್ತಗಿನ ಅನ್ನ. ಎಂಟಕ್ಕೆ ಹೋದ ಗಂಜಿ ಒಂಬತ್ತಕ್ಕೆ ಹಾಗೇ ತಿರುಗಿ ಬರುತ್ತಿತ್ತು.

"ಏನಾರ ಬೇಕಂತ ಅನಸ್ತೈತೇನು?" ಎಂದು ಒಂದು ದಿನ ಕೇಳಿದೆ.

"ಕವಳಿ ಇದ್ರ ನಾಕ ತುತ್ತು ಇಳೀತಿತ್ತು."

ಅಂಗಡಿಯಿಂದ ಕವಳಿಕಾಯಿ ಉಪ್ಪಿನಕಾಯಿಯ ಬಾಟಲಿ ತಂದೆ. ನಾಲಿಗೆಗೆ ಮುಟ್ಟಿಸಿ ಸರಿಸಿದಳು. ಆಮೇಲೆ ಬೇಲಿಗೆ ಹೋದೆ. ಇಷ್ಟು ವರ್ಷ ಕತ್ತರಿಸಿದ್ದೆ, ಆದರೆ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಚರ್ಮದಂಥ ದಪ್ಪ ಎಲೆಗಳು ಎದುರುಬದುರು, ಎಲೆಯ ಬುಡದಲ್ಲಿ ಜೋಡಿ ಮುಳ್ಳು, ಕೆಲವು ಮುಳ್ಳಿನ ತುದಿ ಮತ್ತೆ ಎರಡಾಗಿ ಸೀಳಿತ್ತು. ಮೊಣಕೈತನಕ ಕೈ ತೂರಿಸಿ ಹುಡುಕಿದೆ. ಗೀರಿ ರಕ್ತ ಬಂತು, ಕಾಯಿ ಸಿಗಲಿಲ್ಲ.

ವಾರಕ್ಕೊಮ್ಮೆ ಹಳಿಯಾಳದ ಕಡೆಯಿಂದ ಕಾಡಿನ ಹಣ್ಣು, ಸೊಪ್ಪು ಮಾರಲು ಬರುವ ಸಿದ್ದಿ ಹೆಂಗಸು ಗೇಟಿನ ಹೊರಗೆ ನಿಂತು ನಗುತ್ತಿದ್ದಳು.

"ಏನ ಹುಡಕಾಕತ್ತೀರಿ ಅಜ್ಜಾರ, ಬಂಗಾರ ಬಿದ್ದೈತೇನು?"

ಹೇಳಿದೆ.

"ಕವಳಿ ಹೂವು ಟೊಂಗಿ ತುದಿಗೇ ಬಿಡೂದ್ರಿ. ಮಲ್ಲಿಗಿ ಹಂಗ, ಗೊಂಚಲ ಗೊಂಚಲ. ನೀವು ತುದೀನ ಕ್ಷೌರ ಮಾಡಿದ್ರ ಹೂವೆಲ್ಲಿಂದ, ಕಾಯೆಲ್ಲಿಂದ? ಕಾಡಿನ್ಯಾಗ ಯಾರೂ ಕತ್ರಿ ಹಿಡಕೊಂಡು ಹೋಗೂದಿಲ್ಲ, ಗಿಡದ ತುಂಬ ಹಣ್ಣು."

ಬುಟ್ಟಿಯಿಂದ ಎರಡು ಬೊಗಸೆ ಕಪ್ಪು ಹಣ್ಣು ಎಲೆಯ ಮೇಲೆ ಸುರಿದಳು.

ಅದನ್ನು ಹೆಂಡತಿಯ ಹಾಸಿಗೆಯ ಹತ್ತಿರ ಇಟ್ಟು ತುದಿಯ ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಂಗ ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

"ಒಮ್ಮೆ ಹೇಳಿದ್ದೆ. ಬೇಲಿ ಸೊಟ್ಟಾಗತೈತಿ ಅಂದ್ರಿ."

ನನಗೆ ನೆನಪಿಲ್ಲ. ಅಂದಿರುತ್ತೇನೆ.

"ಮುಂದಿನ ವರ್ಷ ಕತ್ರಿ ಮುಟ್ಟೂದಿಲ್ಲ" ಎಂದೆ. ಅವಳು ಒಂದು ಹಣ್ಣು ಹಿಡಿದು ಕೇಳಿದಳು, "ಹುಂಜೋ, ಕೋಳಿಯೋ?"

ಮಕ್ಕಳ ಆಟ. ಕಚ್ಚಿದಾಗ ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಕೋಳಿ.

"ಹುಂಜ" ಎಂದೆ.

ಕಚ್ಚಿ ತೋರಿಸಿದಳು. ಬಿಳಿ. "ಸೋತ್ರಿ."

ಕಚ್ಚಿದ್ದನ್ನು ನುಂಗಿದ್ದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಮತ್ತೊಂದು ಕೊಟ್ಟೆ, ಮತ್ತೆ ಹುಂಜ ಎಂದೆ. ಗೆದ್ದೆನೋ ಸೋತೆನೋ ನೋಡಲೇ ಇಲ್ಲ, ಅವಳ ಗಂಟಲು ಮಾತ್ರ ನೋಡುತ್ತಿದ್ದೆ. ಮೂರನೆಯದಕ್ಕೆ ತುಟಿಯೆಲ್ಲ ಕೆಂಪಾಯಿತು. ನಾಲ್ಕನೆಯದು ಅರ್ಧ. ಐದನೆಯದನ್ನು ಹಿಡಿದ ಕೈ ಹೊದಿಕೆಯ ಮೇಲೇ ಉಳಿಯಿತು.

"ಇನ್ನೊಂದು" ಎಂದೆ. "ಒಂದs ಒಂದು."

"ಸಾಕ್ರಿ. ದಣಿವಾತು."

ಎಂಟರ ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಗುರುವಾರ ತೂಕ ನೋಡುವುದಿತ್ತು. ಉಳಿದ ಹಣ್ಣುಗಳನ್ನು ಅವಳ ಕೈಗೆಟಕುವ ಹಾಗೆ ಸರಿಸಿಟ್ಟು, ನಿದ್ದೆಗೆ ಜಾರಿದ ಅವಳು ಕಣ್ಣು ತೆರೆಯುವುದನ್ನೇ ಕಾಯುತ್ತ ಕೂತೆ. ಹತ್ತಾಯಿತು, ಹಾಲು ಕಾಯಿಸಲು ನಾನು ಏಳಲಿಲ್ಲ.