ಸಿಗ್ನಲ್ ಹಸಿರಿತ್ತು ಎಂದಿದ್ದೆ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ನಗರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ. ಗಂಡನ ತಂಗಿ, ನನ್ನ ನಾದಿನಿ, ಗಾರ್ಮೆಂಟ್ಸಿಗೆ ಹೋಗುವವಳು, ದಿನವೂ ಜೊತೆಗಿರುತ್ತಾಳೆ. ಎರಡನೆಯ ಬೋಗಿಯ ಕಿಟಕಿ ಪಕ್ಕ ನಾನು, ನನ್ನ ಪಕ್ಕ ಅವಳು.

ದಾರಿಯಲ್ಲಿ ಒಂದು ಸಣ್ಣ ನಿಲ್ದಾಣ ಬರುತ್ತದೆ. ಅದಕ್ಕೆ ಮೊದಲು ಹಳಿ ಬಾಗಿ ಹೋಗುವುದರಿಂದ ನನ್ನ ಕಿಟಕಿಯಿಂದ ಮುಂದಿನ ಸಿಗ್ನಲ್ ಕಂಬ ಒಂದು ಕ್ಷಣ ಕಾಣುತ್ತದೆ. ಅಲ್ಲಿ ಕೆಂಪು ಇದ್ದರೆ ಗಾಡಿ ಕಾಯುತ್ತದೆ, ನನ್ನ ಹಾಜರಿ ತಡವಾಗುತ್ತದೆ. ಹಾಗಾಗಿ ಆ ಕಂಬವನ್ನು ನೋಡುವುದು ನನಗೆ ಅಭ್ಯಾಸವಾಗಿತ್ತು.

ಅಪಘಾತ ನಡೆದದ್ದು ಅವರೆಕಾಯಿ ಕಾಲದಲ್ಲಿ. ನಾದಿನಿ ಮಡಿಲಲ್ಲಿ ಕವರ್ ಹರಡಿಕೊಂಡು ಕಾಳು ಬಿಡಿಸುತ್ತಿದ್ದಳು, ಸಂಜೆ ಹೋದ ಕೂಡಲೇ ಸಾರಿಗಿಡಬಹುದೆಂದು. ತಿರುವು ದಾಟಿ, ನಿಲ್ಲಬೇಕಾದ ಸ್ಟೇಷನ್ ಬಂತೆಂದು ಗಾಡಿ ಎಂದಿನಂತೆ ನಿಧಾನವಾಯಿತು. ಆಮೇಲೆ ಬೋಗಿ ಪಕ್ಕಕ್ಕೆ ಎಳೆದ ಹಾಗಾಯಿತು. ನೇರ ಹೋಗಬೇಕಾದ ಗಾಡಿ ಪಕ್ಕದ ಹಳಿಗೆ ತಿರುಗಿತ್ತು. ಬ್ರೇಕಿನ ಕಿರುಚಾಟ ಕೇಳಿಸಿತು. ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ದೊಡ್ಡ ಸದ್ದಾಗಿ ಎಲ್ಲರೂ ಮುಂದಕ್ಕೆ ಬಿದ್ದೆವು.

ಆ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ನಿಂತಿತ್ತು. ನಮ್ಮ ಎಂಜಿನ್ ಅದರ ಕೊನೆಯ ಡಬ್ಬಿಗೆ ಗುದ್ದಿತ್ತು. ಒಂದು ಬೋಗಿಯೂ ಉರುಳಲಿಲ್ಲ, ಒಬ್ಬರೂ ಸಾಯಲಿಲ್ಲ. ಹಲ್ಲು ಮುರಿದವರಿದ್ದರು, ತಲೆ ಒಡೆದವರಿದ್ದರು. ನಾದಿನಿಯ ಬಲ ಮಣಿಕಟ್ಟು ಅವಳ ಮೈಯಡಿ ಸಿಕ್ಕಿ ಮುರಿದಿತ್ತು. ಅವಳನ್ನು ಇಳಿಸಿ ಜಲ್ಲಿಯ ಮೇಲೆ ಕೂರಿಸಿದಾಗ ಗಾಡಿಯ ಡ್ರೈವರ್ ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಬೋಗಿಯಿಂದ ಬೋಗಿಗೆ ಬರುತ್ತಿದ್ದ. ಯಾರಿಗಾದರೂ ಜಾಸ್ತಿ ಪೆಟ್ಟಾಗಿದೆಯಾ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ಎಂದು ಕೇಳುತ್ತಿದ್ದ.

ಮಧ್ಯಾಹ್ನ ಆಸ್ಪತ್ರೆಯ ಮುಂದೆ ಟೀವಿಯವರು ಮೈಕು ಹಿಡಿದರು. ಡ್ರೈವರ್ ಕೆಂಪು ಸಿಗ್ನಲ್ ದಾಟಿ ಬಂದನಂತೆ, ನಿಮಗೇನನ್ನಿಸುತ್ತದೆ ಎಂದರು. ರಕ್ತ ಇಳಿಯುತ್ತಿದ್ದ ಆ ಹಣೆ ನನ್ನ ಕಣ್ಣಲ್ಲೇ ಇತ್ತು. "ಸುಳ್ಳು. ಸಿಗ್ನಲ್ ಹಸಿರಿತ್ತು. ನಾನೇ ಕಣ್ಣಾರೆ ನೋಡ್ದೆ," ಎಂದುಬಿಟ್ಟೆ.

ಆ ತುಣುಕು ಸಂಜೆಯೊಳಗೆ ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಕೈಗೆ ಪ್ಲೇಟ್ ಹಾಕಿಸಿಕೊಂಡು ಮನೆಗೆ ಬಂದ ನಾದಿನಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, "ನನ್ ಕೈ ಮುರ್ದೋನ ಪರವಾಗಿ ನಿಂತ್ಕೊಂಡ್ರಲ್ಲ ಅತ್ತಿಗೆ," ಎಂದಳು. ಅವಳು ಬೈಯುವ ದನಿಯಲ್ಲಿ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅತ್ತುಕೊಂಡು ಹೇಳಿದಳು.

ಅದರ ಮರುದಿನ ಡ್ರೈವರನ ಹೆಂಡತಿ ಸ್ಟೇಷನ್ನಿನಲ್ಲಿ ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು. ಗಂಡನನ್ನು ಅಮಾನತಿನಲ್ಲಿಟ್ಟಿದ್ದಾರೆ, ಅವರು ಮನೆಯಲ್ಲಿ ಊಟ ಬಿಟ್ಟು ಕೂತಿದ್ದಾರೆ ಎಂದರು. ಅಪಘಾತದ ಬಗ್ಗೆ ತಿಳಿದ ಸಾರ್ವಜನಿಕರು ಬಂದು ಹೇಳಿಕೆ ಕೊಡಬಹುದು ಎಂಬ ಪೇಪರಿನ ಪ್ರಕಟಣೆಯನ್ನು ಮಡಿಸಿ ತಂದಿದ್ದರು. ಟೀವಿಯಲ್ಲಿ ಹೇಳಿದ್ದನ್ನೇ ಅಲ್ಲಿ ಹೇಳಿದರೆ ಸಾಕು ಎಂದು ಕೇಳಿಕೊಂಡರು. ಬರುತ್ತೇನೆ ಎಂದೆ.

ವಿಚಾರಣೆಗೆ ಐದು ದಿನವಿತ್ತು. ಮೊದಲ ದಿನವೇ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಾಗ ಯೋಚನೆ ಹತ್ತಿತು. ನಿಜವಾಗಿಯೂ ಅವತ್ತು ನಾನು ನೋಡಿದ್ದೆನೆ? ಹಸಿರು ದೀಪ ಕಣ್ಣಿಗೆ ಕಟ್ಟಿದ ಹಾಗಿತ್ತು, ಆದರೆ ಅದು ಯಾವ ದಿನದ ದೀಪ? ಹನ್ನೊಂದು ವರ್ಷದ ಬೆಳಗುಗಳು ಒಂದರ ಮೇಲೊಂದು ಬಿದ್ದಿದ್ದವು. ಆ ದಿನ ತಿರುವಿನಲ್ಲಿ ನೆಲಕ್ಕೆ ಬಿದ್ದ ಅವರೆಕಾಯಿ ಎತ್ತಿಕೊಡಲು ಬಗ್ಗಿದ ನೆನಪೂ ಇತ್ತು. ಅದು ಕಂಬ ದಾಟುವ ಮೊದಲೋ ಆಮೇಲೋ ತಿಳಿಯಲಿಲ್ಲ. ಸ್ಲೈಡ್ ನೋಡದೆ ನಾನು ಯಾವತ್ತೂ ರಿಪೋರ್ಟ್ ಬರೆದವಳಲ್ಲ. ಗಂಡನಿಗೆ ಹೇಳಿದೆ. ಹಸಿರೆಂದು ಹೇಳಿಬಿಟ್ಟರೆ ಒಬ್ಬನ ಕೆಲಸ ಉಳಿಯುತ್ತದೆ, ಯಾರಿಗೇನು ನಷ್ಟ ಎಂದರು ಅವರು.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಡ್ರೈವರನ ಹೆಂಡತಿ ಕೂತಿದ್ದರು. ನನ್ನನ್ನು ಕಂಡು ಎದ್ದು ಕೈಮುಗಿದರು. ಒಳಗೆ ನೆರೆತ ಕೂದಲಿನ ಅಧಿಕಾರಿಯೊಬ್ಬರು ಕುರ್ಚಿ ತೋರಿಸಿ, ನೀರು ಕೊಡಿಸಿ, ಅವಸರವಿಲ್ಲದೆ ಕೇಳಿದರು. ಎಲ್ಲಿ ಕೂತಿದ್ದೆ, ಯಾವ ಕಡೆಯ ಕಿಟಕಿ, ಏನು ಮಾಡುತ್ತಿದ್ದೆ. ಕೊನೆಗೆ ಸಿಗ್ನಲ್ ಯಾವ ಬಣ್ಣದಲ್ಲಿತ್ತು ಎಂದರು.

"ಹಸಿರು ಅಂತ ಟೀವಿಯಲ್ಲಿ ಹೇಳಿದ್ದೆ ಸಾರ್," ಎಂದೆ. "ಆದ್ರೆ ಅವತ್ತೇ ನೋಡಿದ್ದಾ ಅನ್ನೋದು ನನಗೆ ಗೊತ್ತಿಲ್ಲ. ದಿನಾ ನೋಡಿ ನೋಡಿ ಹಂಗನ್ನಿಸಿರಬಹುದು. ಆ ಮನುಷ್ಯನ್ನ ನೋಡಿ ಪಾಪ ಅನ್ನಿಸ್ತು, ಹೇಳ್ಬಿಟ್ಟೆ."

ಅವರು ಪೆನ್ನು ಕೆಳಗಿಟ್ಟರು. "ಬೆಳಿಗ್ಗೆಯಿಂದ ಬಂದೋರೆಲ್ಲ ಖಂಡಿತ ನೋಡಿದೀವಿ ಅಂತಾನೇ ಹೇಳಿದಾರೆ. ಅರ್ಧ ಜನ ಕೆಂಪು, ಅರ್ಧ ಜನ ಹಸಿರು. ಗೊತ್ತಿಲ್ಲ ಅಂದೋರು ನೀವೊಬ್ರೇ ಅಮ್ಮ." ಆಮೇಲೆ ದನಿ ತಗ್ಗಿಸಿ, ಯಾವ ದೀಪ ಯಾವ ಗಳಿಗೆಯಲ್ಲಿ ಉರಿಯಿತು ಎನ್ನುವುದನ್ನು ಸ್ಟೇಷನ್ನಿನ ಯಂತ್ರವೊಂದು ತಾನೇ ದಾಖಲಿಸಿಕೊಳ್ಳುತ್ತದೆ, ಅದನ್ನೂ ನೋಡಿಯೇ ನಿರ್ಧಾರವಾಗುತ್ತದೆ, ನನ್ನ ಒಂದು ಮಾತಿನ ಮೇಲೆ ಯಾರ ಬದುಕೂ ನಿಂತಿಲ್ಲ ಎಂದರು. ಆಗ ನನ್ನ ಹೆಗಲಿನಿಂದ ಏನೋ ಇಳಿಯಿತು. ಕುರ್ಚಿಯಲ್ಲೇ ಕೂತು ಅವರು ಕೊಡಿಸಿದ ನೀರನ್ನು ಪೂರ್ತಿ ಕುಡಿದೆ. ಅವರು ಏಳಿ ಎನ್ನಲಿಲ್ಲ.

ಹೊರಗೆ ಬಂದು ಆಕೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಯಂತ್ರದ ವಿಷಯವನ್ನೂ ತಿಳಿಸಿದೆ. ಆಕೆಯ ಮುಖ ಸಣ್ಣದಾಯಿತು. "ಮೆಷಿನ್ ಇದೆ ಅಂದ್ರಲ್ಲ, ಅಷ್ಟು ಸಾಕು ಅಕ್ಕ. ಇವರು ಮೊದಲ್ನೇ ದಿನದಿಂದ ಹಸಿರು ಅಂತಾನೇ ಹೇಳ್ತಿದಾರೆ," ಎಂದರು. ಆಕೆಗೆ ಗಂಡನ ಮಾತಿನಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಒಂದೂವರೆ ತಿಂಗಳ ನಂತರ ಸುದ್ದಿ ಪೇಪರಿನಲ್ಲಿ ಬಂತು. ಸಿಗ್ನಲ್ ಹಸಿರೇ ಇತ್ತು. ಅಪಘಾತದ ಹಿಂದಿನ ರಾತ್ರಿಯಷ್ಟೇ ಕೇಬಲ್ ದುರಸ್ತಿ ಮಾಡಿದ್ದವರು ತಂತಿಗಳನ್ನು ಅದಲುಬದಲು ಜೋಡಿಸಿದ್ದರು. ಹಾಗಾಗಿ ಹಳಿ ಪಕ್ಕಕ್ಕೆ ತಿರುಗಿದ್ದರೂ ದೀಪ ನೇರ ದಾರಿ ಖಾಲಿ ಇದೆ ಎಂದೇ ತೋರಿಸುತ್ತಿತ್ತು. ಪರೀಕ್ಷೆ ಮಾಡದೆಯೇ ಮಾಡಿದ್ದೇವೆಂದು ಸಹಿ ಬಿದ್ದಿತ್ತು. ಡ್ರೈವರ್ ತಿರುವು ಗೊತ್ತಾದ ತಕ್ಷಣ ಬ್ರೇಕ್ ಹಾಕಿದ್ದರಿಂದ ಜೀವಗಳು ಉಳಿದವು ಎಂದಿತ್ತು. ಇನ್ನೆಷ್ಟು ಕಡೆ ಹೀಗೆ ನೋಡದೆ ಸಹಿ ಹಾಕಿದ್ದಾರೋ ಎಂದು ಗಾಡಿಯಲ್ಲಿ ವಾರಗಟ್ಟಲೆ ಮಾತಾಡಿದೆವು. ಅದೇ ವರದಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ನಮ್ಮ ಹಿಂದೆಯೇ, ಆ ಸ್ಟೇಷನ್ನಿನಲ್ಲಿ ನಿಲ್ಲದೆ ಪೂರ್ತಿ ವೇಗದಲ್ಲಿ ಓಡುವ ಎಕ್ಸ್‌ಪ್ರೆಸ್ ಒಂದು ಬರುವುದಿತ್ತು.

ಅದನ್ನು ನಾದಿನಿಗೆ ಓದಿ ಹೇಳಿದೆ. ಅವಳು ಪ್ಲೇಟ್ ಹಾಕಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಹಂಗಾದ್ರೆ ನಮ್ ಗಾಡಿನೇ ಮೊದ್ಲು ಹೋಗಿದ್ದು ಒಳ್ಳೇದಾಯ್ತು ಬಿಡಿ ಅತ್ತಿಗೆ," ಎಂದಳು.

ಪೇಪರಿನಲ್ಲಿ ಸುದ್ದಿ ಬಂದ ದಿನದ ಸಂಜೆಯೇ ಡ್ರೈವರನ ಹೆಂಡತಿಯ ಫೋನ್ ಬಂತು. ಗಂಡ ನಾಳೆಯಿಂದ ಡ್ಯೂಟಿಗೆ ಹೋಗುತ್ತಾರೆ ಎಂದು ಹೇಳಲು ಮಾಡಿದ್ದರು. ನಾದಿನಿ ಕೈಚಾಚಿ ಫೋನ್ ಇಸಿದುಕೊಂಡಳು. ತನ್ನ ಪರಿಚಯ ಹೇಳಿಕೊಂಡು, ಮಣಿಕಟ್ಟು ಈಗ ಎಷ್ಟು ಮಡಿಸಲು ಬರುತ್ತದೆ, ರೊಟ್ಟಿ ತಟ್ಟಲು ಇನ್ನೂ ಯಾಕೆ ಆಗುವುದಿಲ್ಲ, ಎಲ್ಲವನ್ನೂ ವಿವರವಾಗಿ ಹೇಳತೊಡಗಿದಳು. ನಾನು ಅಡುಗೆಗೆ ಎದ್ದೆ. ಅನ್ನಕ್ಕೆ ನೀರು ಕುದಿ ಬರುವವರೆಗೂ ಅವರಿಬ್ಬರ ಮಾತು ಮುಗಿದಿರಲಿಲ್ಲ.