ಸೂಟಿಗೆ ಬಂದ ರೋಹಿಣಿ

ಹುಬ್ಬಳ್ಳಿಯ ಕಾಲೇಜಿನಿಂದ ಬೇಸಿಗೆ ಸೂಟಿಗೆ ಕುಬಿಹಾಳಕ್ಕೆ ಬಂದ ನಮ್ಮ ಓಣಿಯ ರೋಹಿಣಿಯನ್ನು ನೋಡಿದವರು ದಂಗಾಗದೆ ಇರುವುದಿಲ್ಲ. ಬೆಳಿಗ್ಗೆ ಕಸ ಹೊಡೆಯುತ್ತಲೇ ಕುಣಿಯುತ್ತಾಳೆ, ಮಧ್ಯಾಹ್ನ ಓಣಿಯ ಮಕ್ಕಳ ಕೈಗೆಲ್ಲ ಮೆಹಂದಿ ಹಾಕುತ್ತಾಳೆ, ಮಕ್ಕಳು ಸಿಗದಿದ್ದರೆ ಎಮ್ಮೆಯ ಕೋಡಿಗೆ ಬಣ್ಣ ಬಳಿಯುತ್ತಾಳೆ. ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಾಳೆ. ಗದರಿದರೆ, "ಸೂಟಿ ಐತ್ರಿ ಕಾಕಾ, ಬಿ.ಎಸ್ಸಿ. ಕಡೇ ವರ್ಷ ಸುರು ಆದ್ರ ತಲಿ ಎತ್ತೂದಿಲ್ಲ" ಎನ್ನುತ್ತಾಳೆ. ಕೆಲಸಕ್ಕೂ ಹಿಂಜರಿಯುವವಳಲ್ಲ. ಈ ಸಲ ಅಂಗಳದಲ್ಲಿ ಶಾವಿಗೆ ಯಂತ್ರದ ಹಿಡಿ ತಿರುಗಿಸುತ್ತ ಹಾಡುತ್ತಿದ್ದಳು. ಕೋಲುಗಳ ಮೇಲೆ ಒಣಹಾಕಿದ ಶಾವಿಗೆ ಓಣಿಯವರೆಗೂ ಬಂದಿತ್ತು. ನಮ್ಮಲ್ಲಿ ಅಷ್ಟು ಶಾವಿಗೆ ಮಾಡುವುದು ಲಗ್ನದ ಮನೆಯವರು ಮಾತ್ರ. ಪಕ್ಕದ ಮನೆಯ ಲಕ್ಷ್ಮವ್ವ, "ಮೂರು ಮಂದಿಗೆ ಇಷ್ಟ್ ಯಾಕಬೇ ಸುಶೀಲಾ? ಮಗಳ ಲಗ್ನ ಗೊತ್ತು ಮಾಡಿದೇನು?" ಎಂದು ನಕ್ಕಳು. ತಾಯಿ ಸುಶೀಲವ್ವ ನಗಲಿಲ್ಲ. ರೋಹಿಣಿಯ ಕೈ ಹಿಡಿಯ ಮೇಲೆಯೇ ನಿಂತಿತು. "ಖರೇ ಏನವ್ವಾ?" ಎಂದು ಕೇಳಿದಳು. "ಚಲೋ ಮನಿತನ ಐತಿ. ಉಳದದ್ದು ಅಲ್ಲೇ ಹೋಗಿ ಓದೂವಂತಿ" ಎಂದಳು ತಾಯಿ, ಮುಖ ಎತ್ತದೆ. ರೋಹಿಣಿ ಅಳುತ್ತಾಳೆ ಎಂದು ಸುತ್ತ ನಿಂತಿದ್ದ ಓಣಿಯವರೆಲ್ಲ ಅಂದುಕೊಂಡೆವು. ಅವಳು ಹಂಡೆಗೆ ನೀರು ಹಾಕಿ, ಒಲೆ ಹೊತ್ತಿಸಿ, ಒಣಗಿದ ಶಾವಿಗೆಯನ್ನೆಲ್ಲ ಬಾಚಿ ಬಾಚಿ ಅದರೊಳಗೆ ಸುರಿದಳು. "ಎಲ್ಲಾರೂ ಗಂಗಾಳ ತರ್ರಿ, ಇವತ್ತ ಉಂಡು ಮುಗಸೂಣು" ಎಂದಳು. ಒಬ್ಬರೂ ಅಲುಗಲಿಲ್ಲ. ಸುಶೀಲವ್ವ ಕುದಿಯುವ ಹಂಡೆಯನ್ನು ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ, ಬೆಲ್ಲದ ಡಬ್ಬಿ ಹಿಡಿದುಕೊಂಡು ಬಂದು ಮಗಳ ಪಕ್ಕ ಕುಳಿತಳು.