ಖಾನಾಪುರದಿಂದ ತಂದ ಸುಣ್ಣ

ಶಿವಮೊಗ್ಗದ ಬಸ್ಸು ಹುಬ್ಬಳ್ಳಿಯಲ್ಲಿ ಕೆಟ್ಟು ನಿಂತು, ರಿಪೇರಿಯಾಗಿ, ಬೆಳಗಾವಿ ಮುಟ್ಟುವಾಗ ಸಂಜೆಯಾಗಿತ್ತು. ಡೀಸೆಲ್ಲಿಗೆ ಪರದಾಟವಿದ್ದ ಎಂಬತ್ತರ ಬೇಸಿಗೆ ಅದು. ದಾರಿಯ ಪ್ರತಿ ಪಂಪಿನ ಮುಂದೆಯೂ ಡಬ್ಬಿ ಹಿಡಿದ ರೈತರು ಸಾಲುಗಟ್ಟಿದ್ದರು. ನಾನು ಬಂದದ್ದೂ ಡೀಸೆಲ್ಲಿನ ನೆವದಿಂದಲೇ. ನನ್ನ ತಾಯಿಯ ತಮ್ಮ ಪದ್ಮಣ್ಣ ಮಾಮಾ ಅಡಿಗೆ ಎಣ್ಣೆಯಿಂದ ಡೀಸೆಲ್ ಮಾಡುತ್ತಾನಂತೆ, ಹೋಗಿ ನೋಡಿ ಬಾ ಎಂದು ಅಮ್ಮ ಅಟ್ಟಿದ್ದಳು.

ರವಿವಾರ ಪೇಟೆಯಲ್ಲಿ ಕೆಳಗೆ ಅವರ ಎಣ್ಣೆ ಅಂಗಡಿ, ಮೇಲೆ ಸಂಸಾರ. ಅಜ್ಜನ ಕಾಲದಿಂದಲೂ ಆ ಅಂಗಡಿಯ ಶೇಂಗಾ ಎಣ್ಣೆಗೆ ಹೆಸರು. ಗಿರಾಕಿಗಳನ್ನು ಮಾಮಿಯೇ ನೋಡಿಕೊಳ್ಳುತ್ತಿದ್ದಳು. ಮಾಮಾ ಸದಾ ಹಿತ್ತಿಲ ಕೋಣೆಯಲ್ಲಿ. ಎಣ್ಣೆಗೆ ಮೆಥನಾಲ್ ಎಂಬ ಸ್ಪಿರಿಟ್ ಬೆರೆಸಿ, ಸುಟ್ಟ ಸುಣ್ಣದ ಕಲ್ಲು ಕುಟ್ಟಿ ಹಾಕಿ, ಹದವಾಗಿ ಕಾಯಿಸಿ ಕಲಕಿದರೆ ತಳದಲ್ಲಿ ಗ್ಲಿಸರಿನ್ ಕೂತು ಮೇಲೆ ತೆಳುವಾದ ಇಂಧನ ನಿಲ್ಲುತ್ತದೆ. ಖಾನಾಪುರದ ಜೇಡಿಮಣ್ಣು, ಜಂಬಿಟ್ಟಿಗೆ ಕಲ್ಲು ಎಲ್ಲ ಸುಟ್ಟು ನೋಡಿ ಸೋತ ಮೇಲೆ ಸುಣ್ಣ ಕೈಹಿಡಿದಿತ್ತು.

"ಸುಣ್ಣ ಅಂದ್ರ ಲಗ್ನ ಕೂಡಿಸಾಂವ ಇದ್ದಂಗ. ಓಡಾಡಿ ಕೂಡಸ್ತಾನ, ಸಂಸಾರ ಮಾಡಾವ್ರು ಬ್ಯಾರೆ," ಎಂದು ಮಾಮಾ ನಕ್ಕ. "ಒಂದ ಮಾತು. ಅದಕ್ಕ ನೀರ ತಾಕಬಾರದು. ತಾಕಿತೋ, ಎಲ್ಲಾ ಸಾಬಾಣ ಆಗ್ತದ."

ಮರುದಿನ ಖಾನಾಪುರದ ಹಂಚಿನ ಕಾರ್ಖಾನೆಯ ಸಾವುಕಾರರೆದುರು ಪರೀಕ್ಷೆ. ಮಾಡಿಟ್ಟ ಡೀಸೆಲ್ ತಂದರೆ ಸೀಮೆಎಣ್ಣೆ ಬೆರೆಸಿರಬಹುದು, ನನ್ನ ಕಣ್ಣೆದುರೇ ಮಾಡಿ ತೋರಿಸಿ ಎಂದಿದ್ದರಂತೆ. ಮೆಚ್ಚಿದರೆ ಅಲ್ಲೇ ಒಂದು ಶೆಡ್ಡು ಕೊಡುತ್ತಾರೆ. ಮೆಚ್ಚದಿದ್ದರೆ ಕೋಣೆ ಖಾಲಿ ಮಾಡುತ್ತೇನೆಂದು ಮಾಮಾ ಮಾಮಿಗೆ ಮಾತು ಕೊಟ್ಟಿದ್ದ. "ಐದ ವರ್ಷ ಸುಮ್ನಿದ್ದೇನಪಾ. ಇನ್ನ ಆಗೂದಿಲ್ಲ," ಎಂದು ಮಾಮಿ ನನ್ನ ತಾಟಿಗೆ ರೊಟ್ಟಿ ಹಾಕುತ್ತ ಹೇಳಿದಳು.

ಬೆಳಿಗ್ಗೆ ಅವಲಕ್ಕಿ ತಿಂದು ಬಸ್ಸು ಹತ್ತಿದೆವು. ಇಪ್ಪತ್ತೈದು ಕಿಲೋಮೀಟರ್ ದಾರಿ, ಟಿಕೀಟು ಎರಡೂವರೆ ರೂಪಾಯಿ. ಎಣ್ಣೆಯ ಡಬ್ಬಿಗೂ ಕಂಡಕ್ಟರ್ ಟಿಕೀಟು ಹರಿದ. ದೇಸೂರು ದಾಟಿದ ಮೇಲೆ ಗಾಳಿ ತಂಪಾಯಿತು. ಮಾಮಾ ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

ಊರ ಹೊರಗೆ ಪಾರ್ವತಿಬಾಯಿಯ ಸುಣ್ಣದ ಭಟ್ಟಿ. ಹಳೆಯ ಕಲ್ಲು ಗಾಳಿಯ ಪಸೆಗೇ ಕೆಡುತ್ತದೆಂದು ಮಾಮಾ ಪ್ರತಿಸಲ ಇಲ್ಲಿಂದಲೇ ಹೊಸದು ಒಯ್ಯುತ್ತಿದ್ದ. ಗಂಡ ತೀರಿದ ಮೇಲೆ ಅವಳೇ ನಡೆಸುತ್ತಿದ್ದಳು. ಅವತ್ತೇ ನಸುಕಿನಲ್ಲಿ ಭಟ್ಟಿ ಬಿಚ್ಚಿದ್ದರು.

"ಬರ್ರಿ ಕಾಕಾ, ಕುಂದರ್ರಿ. ನಿಮಗಂತ ಛಲೋದು ಆರಿಸಿ ತುಂಬಿ ಇಟ್ಟೀನಿ," ಎಂದು ಮುಚ್ಚಳ ಬಿಗಿದ ಡಬ್ಬಿ ತಂದುಕೊಟ್ಟಳು. ಮಾಮಾ ಯಾವಾಗಲೂ ತಾನೇ ಕಲ್ಲು ಆರಿಸುವವನು. ಅವತ್ತು ಬಸ್ಸು ತಡವಾಗಿ, ಸಾವುಕಾರರು ಕಾಯುತ್ತಾರೆಂದು ಹಾಗೆಯೇ ತೆಗೆದುಕೊಂಡ. ತನ್ನ ಸುಣ್ಣದ ಕರಾಮತ್ತು ನೋಡಲು ಅವಳೂ ಟಾಂಗಾ ಹತ್ತಿದಳು. ನನ್ನ ತೊಡೆಯ ಮೇಲಿದ್ದ ಡಬ್ಬಿ ಬಿಸಿಯಾಗಿತ್ತು.

"ಭಟ್ಟಿ ಕಾವು ಇನ್ನಾ ಆರಿಲ್ಲ. ಛಲೋ ಆತು," ಎಂದ ಮಾಮಾ.

ಸಾವುಕಾರರು ಮಧ್ಯಾಹ್ನದ ಗಾಡಿಗೆ ಪುಣೆಗೆ ಹೊರಡುವವರಿದ್ದರು. ಮಾಮಾ ಒಲೆ ಹೊತ್ತಿಸಿ, ಎಣ್ಣೆ ಅಳೆದು, ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಕಲ್ಲಿರಲಿಲ್ಲ. ಹಿಟ್ಟಿನಂಥ ಬಿಳಿ ಪುಡಿ ಇತ್ತು.

"ಪಾರ್ವತಿ, ನೀರ ಹೊಡದೀಯೇನು?" ಎಂದು ಮೆಲ್ಲಗೆ ಕೇಳಿದ.

"ಹೌದ್ರಿ. ಹಿರ್ಯಾರ ಕೈಯಾಗ ಸುಡೂ ಸುಣ್ಣ ಕೊಡಬಾರದ್ರಿ, ನಮ್ಮಲ್ಲಿ ಅರಳಿಸೇ ಕೊಡೂದು. ಯಾವಾಗ್ಲೂ ನೀವ ಆರಿಸ್ಕೋತಿದ್ರಿ, ಇವತ್ತ ನನ್ನ ಕೈಲೆ ಕೊಡೂದಿತ್ತಲ್ಲ," ಎಂದಳು ಅವಳು, ಹೆಮ್ಮೆಯಿಂದಲೇ.

ನಾನು ಹೊತ್ತು ತಂದದ್ದು ಭಟ್ಟಿಯ ಕಾವಲ್ಲ, ನೀರು ಕುಡಿದ ಸುಣ್ಣದ ಕಾವು ಎಂದು ಆಗ ಹೊಳೆಯಿತು. ಭಟ್ಟಿಯಲ್ಲಿ ಉಳಿದ ಕಲ್ಲನ್ನೆಲ್ಲ ಲಾರಿಯವರು ಒಯ್ದಾಗಿತ್ತು. ಇನ್ನೊಂದು ದಿನ ಕೊಡಿ ಎಂದು ಮಾಮಾ ಬೇಡಿದ. "ಇವತ್ತ ಆದ್ರ ಆತು, ಇಲ್ಲಂದ್ರ ಬಿಟ್ಟಬಿಡ್ರಿ," ಎಂದರು ಸಾವುಕಾರರು. ಆಗಲಾರದೆಂದು ಗೊತ್ತಿದ್ದೂ ಮಾಮಾ ಪುಡಿ ಸುರಿದು ಕಲಕತೊಡಗಿದ. ಎರಡು ತಾಸಿನ ಮೇಲೆ ಪಾತ್ರೆಯಲ್ಲಿ ಗಂಜಿಯಂಥ ಲೋಳೆ ಕೂತಿತ್ತು.

"ಏನಾತ್ರಿ ಪದ್ಮಣ್ಣಾರ? ಸುಣ್ಣ ಕೆಟ್ಟಿತ್ತೇನು?"

ಸಾವುಕಾರರು ಕೇಳಿದ್ದೇ ತಡ, ಪಾರ್ವತಿಬಾಯಿ ಸೆರಗು ಬಿಗಿಹಿಡಿದಳು. ಆ ಕಾರ್ಖಾನೆಯ ಆಳುಗಳ ಚಾಳಿನ ಮನೆಗಳಿಗೆಲ್ಲ ಬಳಿಯುವ ಸುಣ್ಣ ಅವಳದೇ.

"ಸುಣ್ಣ ಛಲೋ ಐತ್ರಿ," ಎಂದ ಮಾಮಾ. "ಎಣ್ಣೀನ ಸರಿ ಇದ್ದಿದ್ದಿಲ್ಲ."

"ನಿಮ್ಮ ಅಂಗಡಿ ಎಣ್ಣಿ?"

"ಹೌದ್ರಿ. ನಮ್ಮದ."

ಬಾಯಿಬಿಟ್ಟು ನಿಜ ಹೇಳಬೇಕೆಂದು ನನಗೆ ತಡೆಯಲಾರದಷ್ಟು ಅನಿಸಿತು. ಮಾಮಾ ನನ್ನ ಮುಖ ನೋಡಿದ, ನಾನು ಒಲೆಯ ಬೆಂಕಿ ಆರಿಸತೊಡಗಿದೆ. ವಾಪಸು ಬಸ್ಸಿನಲ್ಲಿ ಮಾಮಿ ಕಟ್ಟಿಕೊಟ್ಟ ರೊಟ್ಟಿ ಇಬ್ಬರೂ ಬಿಚ್ಚಲಿಲ್ಲ. ಉಳಿದ ಸುಣ್ಣದ ಡಬ್ಬಿ ಅವನ ಕಾಲಬುಡದಲ್ಲಿತ್ತು.

"ಮನ್ಯಾಗೂ ಎಣ್ಣಿ ಅಂತನ ಹೇಳು," ಎಂದ ಪಿರನವಾಡಿ ಬಂದಾಗ. "ನಿಮ್ಮ ಮಾಮಿ ಬಾಯಾಗ ಮಾತು ನಿಲ್ಲೂದಿಲ್ಲ. ಖರೇ ಸುದ್ದಿ ಪಾರ್ವತಿಗೆ ಮುಟ್ಟಿದ್ರ ಜಲ್ಮದಾಗ ಮತ್ತ ಯಾರಿಗೂ ಪ್ರೀತೀಲೆ ಏನೂ ಕೊಡಾಂಗಿಲ್ಲ ಆಕಿ."

ಮರುದಿನ ನಾನು ಹೊರಡುವಾಗ ಕೋಣೆ ಖಾಲಿಯಾಗಿತ್ತು. ಮಾಮಾ ಧೋತರ ಮೇಲೆ ಕಟ್ಟಿ, ಅದೇ ಸುಣ್ಣ ಕಲಸಿ ಗೋಡೆಗೆ ಬಳಿಯುತ್ತಿದ್ದ. "ನೋಡು, ಎಷ್ಟ ಬೆಳ್ಳಗ ಹಿಡದೈತಿ," ಎಂದ.

ಅಂಗಡಿಯ ಮೆಟ್ಟಿಲಲ್ಲಿ ಮಾಮಿ ನನ್ನ ಚೀಲ ಹಿಡಿದು ನಿಲ್ಲಿಸಿದಳು. "ಖರೇ ಹೇಳಪಾ. ನಮ್ಮ ಎಣ್ಣಿ ಕೆಟ್ಟಿತ್ತೇನು?"

"ಹೌದು ಮಾಮಿ," ಎಂದೆ.

ಅವಳು ಚೀಲ ಬಿಟ್ಟಳು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗಿರಾಕಿಯನ್ನು ನಿಲ್ಲಿಸಿಟ್ಟು ಮಾಮಿ ಎಣ್ಣೆಯ ಡಬ್ಬಿಯಲ್ಲಿ ಬೆರಳದ್ದಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡಳು. ಮತ್ತೊಮ್ಮೆ ಅದ್ದಿದಳು.